ಯಂತ್ರದ ಮುಂದೆ ಹೋಗುವ ಹೆಂಗಸರು

ಇದನ್ನು ಮೊದಲು ಹೇಳಿದವಳು ಬನಹಟ್ಟಿಯ ಮಾಯವ್ವ. 2025ರ ಫೆಬ್ರುವರಿಯ ಒಂದು ಸೋಮವಾರ ಸಂಜೆ ಓಣಿಯಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗಿದ್ದವು. ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಗಸರು ಹೊರಗೆ ಬಂದು ಕಟ್ಟೆಯ ಮೇಲೆ ಕೂತಿದ್ದರು. ಮಾಯವ್ವ ಅವರ ನಡುವೆ ಜಾಗ ಮಾಡಿಕೊಂಡು ಕೂತು, ಕೈಚೀಲದಿಂದ ಒಂದಿಷ್ಟು ಪತ್ರಗಳನ್ನು ತೆಗೆದಳು. ಅವನ್ನು ಬರೆದವರು ಅವಳ ಅಣ್ಣ ರಾಮಲಿಂಗಪ್ಪನ ಮಕ್ಕಳು. ಮಗ ಮಲ್ಲಿನಾಥ ಜಮಖಂಡಿಯ ಹತ್ತಿರ ವೈನ್ ದ್ರಾಕ್ಷಿ ಬೆಳೆಯುತ್ತಾನೆ. ಮಗಳು ಪೂರ್ಣಿಮಾ ಬೀಳಗಿಯ ಕಡೆಯ ಒಂದು ವೈನ್ ಕಾರ್ಖಾನೆಯಲ್ಲಿದ್ದಾಳೆ; ಬಂದ ದ್ರಾಕ್ಷಿಯ ಗುಣ ನೋಡಿ ಸಹಿ ಮಾಡುವುದು ಅವಳ ಕೆಲಸ. ಅಣ್ಣ ತಂಗಿ ಒಂದು ವರ್ಷದಿಂದ ಫೋನಿನಲ್ಲಿ ಮಾತು ಬಿಟ್ಟಿದ್ದರು. ಬೀಳಗಿಯಲ್ಲಿ ತನ್ನ ಮಗಳ ಮನೆ ಇದ್ದುದರಿಂದ ಮಾಯವ್ವ ಎರಡೂ ಕಡೆ ಓಡಾಡುತ್ತಿದ್ದಳು. ಆದರೆ ಅವರ ಬಾಯಿಮಾತು ಒಯ್ಯಲು ಅವಳು ಒಪ್ಪಿರಲಿಲ್ಲ.

"ಅಂವ ಅಂದದ್ದು ಒಂದು, ನಾ ಹೇಳಿದ್ದು ಒಂದು, ಅಕಿ ತಿಳಕೊಂಡದ್ದು ಇನ್ನೊಂದು ಆಗತೈತಿ. ಕಡೀಕ ಇಬ್ಬರ ಬೈಗಳಾನೂ ನನಗ. ಬರದು ಕೊಡ್ರಿ, ಒಯ್ತೇನಿ" ಎಂದಿದ್ದಳು.

ಹಾಗೆ ಹುಟ್ಟಿದ ಪತ್ರಗಳಿವು. ಏಳನೆಯ ಇಯತ್ತೆ ಓದಿದ ಮಾಯವ್ವ ಒಂದೊಂದಾಗಿ ಓದತೊಡಗಿದಳು.

*

ಬೀಳಗಿ
26 ಫೆಬ್ರುವರಿ 2024

ಅಣ್ಣನಿಗೆ ಪೂರ್ಣಿಮಾ ಮಾಡುವ ನಮಸ್ಕಾರ.

ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಿದ ಒಂದು ಸಲವೂ ನನ್ನ ಮಾತು ಮುಗಿಯಲು ಬಿಡಲಿಲ್ಲ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀ ಎಂದು ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ನಿನ್ನ ಟ್ರ್ಯಾಕ್ಟರ್ ನಮ್ಮ ಗೇಟಿಗೆ ಬರುವ ಮೊದಲೇ ಹಲಗಿ ಬಾರಿಸುವ ಸಪ್ಪಳ ಬಂತು. ಹೊರಗೆ ಹೋಗಿ ನೋಡಿದರೆ ಟ್ರಾಲಿಗೆ ಬಾಳೆಗಿಡ ಕಟ್ಟಿದ್ದೀರಿ, ಎಂಜಿನ್ನಿನ ಮೇಲೆ ಎರಡು ಸ್ಪೀಕರ್, ಟ್ರ್ಯಾಕ್ಟರ್ ನಡೆಸುವ ಧರೆಪ್ಪನ ಮುಖವೆಲ್ಲ ಗುಲಾಲು. ಒಂದು ಗಳಿಗೆ ನನಗೂ ಖುಷಿಯಾಯಿತು. ನಮ್ಮ ಮನೆಯ ದ್ರಾಕ್ಷಿ ಹೀಗೆ ಬಂತಲ್ಲ ಎಂದು ಜೊತೆಯವರನ್ನೆಲ್ಲ ಕರೆದೆ. ಆಮೇಲೆ ತಾಡಪತ್ರಿ ಸರಿಸಿದರು.

ಬಿಳಿ ದ್ರಾಕ್ಷಿಯ ರಸ ಚಹಾದ ಬಣ್ಣಕ್ಕೆ ತಿರುಗಿತ್ತು. ಮೇಲೆ ಚೆಂಡುಹೂವಿನ ಎಸಳು, ತೆಂಗಿನ ಚಿಪ್ಪಿನ ಚೂರು, ಒಂದು ಊದುಬತ್ತಿಯ ಕಡ್ಡಿ. ಕೆಳಗೆ ಎಲೆ, ತೊಟ್ಟು, ಬಿಸಿಲಿಗೆ ಸುಕ್ಕಾದ ಕಾಯಿ, ಬೂಸು ಹಿಡಿದ ಕಾಯಿ, ಒಳ್ಳೆಯ ಕಾಯಿ ಎಲ್ಲ ಒಂದಾಗಿ ಹುಳಿಯಲು ಶುರುವಾಗಿತ್ತು. ಕೈ ಇಟ್ಟರೆ ಬೆಚ್ಚಗಿತ್ತು.

"ಯಾವಾಗ ಹೊಂಟಿದ್ರೋ?" ಎಂದು ಧರೆಪ್ಪನನ್ನು ಕೇಳಿದೆ.

"ಹೊತ್ತು ಏರೂಕ ಮುಂಚೇನ ರೀ ಅಕ್ಕಾರ. ಹಾದ್ಯಾಗ ಒಂದೂರಾಗೂ ಬಿಡಲಿಲ್ರಿ. ಎಲ್ಲಾರೂ ಕಾಯಿ ಒಡೆಯಾವ್ರ."

ಅವನಿಗೆ ಅಂದದ್ದನ್ನೇ ನಿನಗೂ ಅನ್ನುತ್ತೇನೆ. "ಯಂತ್ರ ಅಲಗಾಡಿಸಿ ಉದರಿಸಿದ ಹಣ್ಣು ಅಂದ್ರ ಮೈತುಂಬ ಗಾಯ ಆದ ಮನಿಷಾ ಇದ್ದಂಗ. ಗಾಯ ಆದಾವನ್ನ ದವಾಖಾನಿಗೆ ಒಯ್ತೀರೋ, ಮೆರವಣಿಗಿ ಮಾಡ್ತೀರೋ?"

ವೈನಿಗೆ ಆಗುವುದಿಲ್ಲ, ಕಡಿಮೆ ದರಕ್ಕೆ ಬ್ರಾಂದಿ ಭಟ್ಟಿಗೆ ಹಾಕಿ ಎಂದು ಬರೆದು ಸಹಿ ಮಾಡಿದೆ. ಬೇರೆಯವರದಾಗಿದ್ದರೆ ಗೇಟಿನಿಂದಲೇ ತಿರುಗಿಸಿ ಕಳಿಸುತ್ತಿದ್ದೆ. ಅದು ನಿನಗೆ ತಿಳಿದಿರಲಿ ಎಂದು ಬರೆದಿದ್ದೇನೆ, ಉಪಕಾರ ಹೇರಲು ಅಲ್ಲ.

ಇನ್ನೊಂದು ಮಾತು. ಪ್ರತಿ ವರ್ಷ ಹಣ್ಣು ಬಿಡಿಸಲು ಬರುತ್ತಿದ್ದ ಮಾಯವ್ವತ್ತಿಯ ಗುಂಪು ಈ ಸಲ ಎಲ್ಲಿ ಹೋಯಿತು? ಅತ್ತಿಯನ್ನು ಕೇಳಿದರೆ "ಚಹಾ ಛಲೋ ಆಗೇತಿ" ಎಂದು ಕಪ್ಪು ಕೆಳಗಿಟ್ಟಳು.

ನಿನ್ನ ತಂಗಿ,
ಪೂರ್ಣಿಮಾ

*

ಜಮಖಂಡಿ
5 ಮಾರ್ಚ್ 2024

ತಂಗಿ ಪೂರ್ಣಿಮಾಳಿಗೆ ಮಲ್ಲಿನಾಥನ ಆಶೀರ್ವಾದ. ಆಶೀರ್ವಾದ ಎಂದು ಬರೆಯುವಾಗ ಪೆನ್ನು ನಿಂತಿತು. ಆದರೂ ಬರೆದಿದ್ದೇನೆ.

ಊದುಬತ್ತಿಯ ಕಡ್ಡಿ ನಿನಗೆ ಕಂಡಿತು. ಅದನ್ನು ಹಚ್ಚಿದವರು ಯಾರೆಂದು ಕೇಳಲಿಲ್ಲ. ನಮ್ಮೂರಿನ ಹಿರಿಯ ಶಿದ್ರಾಮಪ್ಪ. ಅಪ್ಪ ಮಗ್ಗ ಮಾರಿ ಇಲ್ಲಿ ಹೊಲ ಹಿಡಿದಾಗ "ನೇಕಾರರಿಗೆ ಮಣ್ಣು ಗೊತ್ತೇನು" ಎಂದವನು ಅವನೇ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಕಬ್ಬಿದ್ದಾಗ ನಾನು ತಂತಿ ಕಟ್ಟಿ ವೈನ್ ದ್ರಾಕ್ಷಿ ಹಚ್ಚಿದೆ. "ಸೆರೆ ಕುಡಿಯಾವರ ಹಣ್ಣು" ಎಂದು ಮೂಗು ಮುರಿದವನೂ ಅವನೇ. ಇಷ್ಟು ವರ್ಷ ನಮ್ಮ ಹಣ್ಣಿನ ಗಾಡಿ ಹೊರಡುವಾಗ ಒಬ್ಬನೂ ಇಣುಕಿ ನೋಡಿರಲಿಲ್ಲ. ಈ ವರ್ಷ ಯಂತ್ರ ಬಂತು ಎಂದು ಊರಿಗೆ ಊರೇ ಬಂತು. ಶಿದ್ರಾಮಪ್ಪ ತಾನೇ ಹಲಗಿಯವರನ್ನು ಕರೆಸಿ, "ಮಲ್ಲ್ಯಾನ ಗಾಡಿ ಸುಮ್ಮನ ಹೋಗಬಾರದು" ಎಂದ. ನಾನು ಹೇಗೆ ಬೇಡ ಎನ್ನಲಿ? ನೀನಾಗಿದ್ದರೆ ಎನ್ನುತ್ತಿದ್ದೆಯಾ?

ಕಬ್ಬಿನ ಕೊನೆಯ ಟ್ರಾಲಿ ಹೇಗೆ ಹೋಗುತ್ತದೆ ಎಂಬುದು ನಿನಗೂ ಗೊತ್ತು. ಊರೆಲ್ಲ ಕುಣಿಯುತ್ತದೆ. ಆಮೇಲೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಹಚ್ಚಿ ಹಗಲು ರಾತ್ರಿ ನಿಂತರೂ ಕಬ್ಬು ಚಕಾರ ಎತ್ತುವುದಿಲ್ಲ. ದ್ರಾಕ್ಷಿಗೆ ಅಷ್ಟು ಸಿಟ್ಟು ಎಂದು ನನಗೇನು ಗೊತ್ತು? ಗೊಂಚಲು ಇದ್ದಾಗ ಅದೂ ಸುಮ್ಮನೇ ಬರುತ್ತಿತ್ತು.

ಯಂತ್ರ ಯಾಕೆ ತಂದೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಿಂದಿನ ವರ್ಷ ಬಿಡಿಸುವುದು ಅರ್ಧ ಮುಗಿದಾಗ ಅಕಾಲ ಮಳೆ ಬಿತ್ತಲ್ಲ, ಉಳಿದ ಅರ್ಧ ಬಳ್ಳಿಯಲ್ಲೇ ಕೊಳೆತದ್ದನ್ನು ನಾನು ನಿಂತು ನೋಡಿದೆ. ಈ ಯಂತ್ರ ಸಾಲಿನ ಮೇಲೆ ಕಾಲು ಅಗಲಿಸಿ ನಿಂತು, ಒಳಗಿನ ಕೋಲುಗಳಿಂದ ಬಳ್ಳಿಯನ್ನು ಗದಗದ ಅಲ್ಲಾಡಿಸುತ್ತದೆ. ಹಣ್ಣು ಉದುರುತ್ತದೆ, ಬರಿಯ ಕಡ್ಡಿ ಬಳ್ಳಿಯಲ್ಲಿ ಉಳಿಯುತ್ತದೆ. ಹೆಂಗಸರು ವಾರಗಟ್ಟಲೆ ಬಿಡಿಸುವುದನ್ನು ಒಂದು ಬೆಳಗಿನಲ್ಲಿ ಮುಗಿಸಿತು. ಮಳೆಗೆ ಅಂಜುವುದು ತಪ್ಪಿತು ಎಂದುಕೊಂಡೆ. ತಂಗಿಗೆ ಅಂಜಬೇಕಾಯಿತು.

ನೀನು ತಂಗಿಯಾಗಿ ಒಂದು ಸಲ ನೋಡಬೇಕಿತ್ತು. ಈಗ ಊರಿನಲ್ಲಿ ಎಲ್ಲರೂ ಕೇಳುವುದು ಒಂದೇ: "ನಿನ್ನ ಹಣ್ಣು ನಿನ್ನ ತಂಗೀನ ತಿರಸ್ಕಾರ ಮಾಡಿದಳಂತಲ್ಲೋ?"

ಕೆಂಪು ದ್ರಾಕ್ಷಿ ಶಿರಾಜ್ ಇನ್ನೂ ಬಳ್ಳಿಯಲ್ಲಿದೆ. ಹಕ್ಕಿಗೆ ಬಿಡುತ್ತೇನೆ. ಮಳೆಗಾಲದೊಳಗೆ ಕಂಬ, ತಂತಿ, ಬಳ್ಳಿ ಎಲ್ಲ ಕಿತ್ತು ಕಬ್ಬು ಹಚ್ಚುತ್ತೇನೆ. ಕಬ್ಬಿಗೆ ನಿನ್ನ ಸಹಿ ಬೇಕಾಗಿಲ್ಲ.

ಮಲ್ಲಿನಾಥ

*

ಬೀಳಗಿ
10 ಮಾರ್ಚ್ 2024

ಅಣ್ಣನಿಗೆ ನಮಸ್ಕಾರ.

ಕೊನೆಯ ಸಾಲನ್ನು ಎರಡು ಸಲ ಓದಿದೆ. ಎರಡನೆಯ ಸಲವೂ ಅಷ್ಟೇ ಚುಚ್ಚಿತು.

ಶಿದ್ರಾಮಪ್ಪ ಊದುಬತ್ತಿ ಹಚ್ಚಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸಹಿ ಬದಲಾಗುತ್ತಿರಲಿಲ್ಲ, ಮಾತು ಸ್ವಲ್ಪ ಮೆತ್ತಗಾಗುತ್ತಿತ್ತು. ನಾನು ಅಲ್ಲಿದ್ದರೆ ಬಹುಶಃ ನಾನೂ ಬೇಡ ಎನ್ನುತ್ತಿರಲಿಲ್ಲ.

ಆದರೆ ಅಣ್ಣಾ, ಯಂತ್ರ ಕೆಟ್ಟದ್ದು ಎಂದು ನಾನು ಎಲ್ಲಿಯೂ ಬರೆದಿಲ್ಲ. ಅದರಲ್ಲಿ ನನಗೆ ಬೇಕಾದ ಗುಣವೂ ಇದೆ. ಹಣ್ಣಿನಲ್ಲಿ ಸಿಹಿ ಹುಳಿ ಸರಿಯಾಗಿ ಕೂಡಿದ ದಿನವೇ, ಬೆಳಗಿನ ತಂಪಿನಲ್ಲೇ, ಇಡೀ ತೋಟ ಮುಗಿಸುತ್ತದೆ. ಕೈಯಿಂದ ಬಿಡಿಸಿದಾಗ ಮೊದಲ ದಿನದ ಹಣ್ಣು ಒಂದು ರುಚಿ, ವಾರದ ನಂತರದ್ದು ಇನ್ನೊಂದು. ಅದಕ್ಕಾಗಿ ನಾನು ಎಷ್ಟು ಸಲ ಒದ್ದಾಡಿದ್ದೇನೆ.

ತೊಂದರೆ ಇರುವುದು ಎರಡು ಕಡೆ. ಹೆಂಗಸರು ಗೊಂಚಲನ್ನು ತಿರುಗಿಸಿ ನೋಡುತ್ತಾರೆ, ಕೆಟ್ಟದ್ದನ್ನು ಕೆಳಗೆ ಬಿಡುತ್ತಾರೆ. ಯಂತ್ರ ಹಾಗೆ ನೋಡುವುದಿಲ್ಲ, ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸಿ ಒಂದೇ ತೊಟ್ಟಿಗೆ ಹಾಕುತ್ತದೆ. ಹೋದ ತಿಂಗಳು ನಿನ್ನ ಹಣ್ಣಿನಲ್ಲಿ ಒಂದು ಓತಿಕ್ಯಾತವೂ ಇತ್ತು, ಅದನ್ನು ನಾನು ಯಾರಿಗೂ ಹೇಳಿಲ್ಲ. ಎರಡನೆಯದು, ಕಾಯಿಯ ಸಿಪ್ಪೆ ಒಡೆದು ರಸ ಹೊರಬರುತ್ತದೆ. ಹೊರಬಂದ ರಸಕ್ಕೆ ಗಾಳಿಯೂ ಬಿಸಿಲೂ ತಗುಲಿದರೆ ಬಣ್ಣ, ವಾಸನೆ ಎರಡೂ ಹೋಗುತ್ತವೆ. ಬೇಗ ನಮ್ಮಲ್ಲಿಗೆ ತಲುಪಿದರೆ ಅಷ್ಟು ಕೆಡುವುದಿಲ್ಲ.

ನನ್ನ ಮಾತು ಕೇಳು. ಶಿರಾಜನ್ನು ಹಕ್ಕಿಗೆ ಬಿಡಬೇಡ. ಅದನ್ನು ಮೂರು ಭಾಗ ಮಾಡು. ಒಂದನ್ನು ಹೆಂಗಸರೇ ಬಿಡಿಸಲಿ. ಇನ್ನೊಂದನ್ನು ಯಂತ್ರವೇ ಉದುರಿಸಲಿ. ಮೂರನೆಯದರಲ್ಲಿ ಹೆಂಗಸರು ಒಂದು ದಿನ ಮೊದಲು ಹೋಗಿ, ಕೆಟ್ಟ ಗೊಂಚಲು ಕತ್ತರಿಸಿ ನೆಲಕ್ಕೆ ಹಾಕಲಿ, ಮರುದಿನ ಯಂತ್ರ ಉಳಿದದ್ದನ್ನು ತೆಗೆಯಲಿ. ಮೂರನ್ನೂ ಬೇರೆ ಬೇರೆ ಕಳಿಸು. ನಮ್ಮ ಮ್ಯಾನೇಜರರು ಮೂರು ಸಣ್ಣ ತೊಟ್ಟಿ ಕೊಡಲು ಒಪ್ಪಿದ್ದಾರೆ. ಒಪ್ಪಿಸಲು ನಾನು ಏನೇನು ಮಾತಾಡಿದೆ ಎಂಬುದು ಬೇಡ.

ಕಂಬ ಕೀಳಬೇಡ. ಇಷ್ಟು ಕೇಳುತ್ತೇನೆ.

ಪೂರ್ಣಿಮಾ

*

ಜಮಖಂಡಿ
30 ಮಾರ್ಚ್ 2024

ತಂಗಿಗೆ ಆಶೀರ್ವಾದ.

ಮೂರೂ ಗಾಡಿ ನಿನಗೆ ಮುಟ್ಟಿವೆ ಎಂದು ಧರೆಪ್ಪ ಹೇಳಿದ. ಹಲಗಿ ಇಲ್ಲದೆ ಬಂದವು ಎಂಬುದನ್ನು ನೀನೂ ನೋಡಿರಬೇಕು. ಶಿದ್ರಾಮಪ್ಪ ಹನುಮಪ್ಪನ ಗುಡಿಯ ಮುಂದೆ ಕಾಯಿ ಹಿಡಿದು ನಿಂತಿದ್ದನಂತೆ. ಧರೆಪ್ಪ ಗಾಡಿ ನಿಲ್ಲಿಸದೆಯೇ, "ಅಜ್ಜಾ, ಒಡದು ನೀವ ತಿನ್ರಿ, ನಮಗ ನಿಲ್ಲಾಕ ಪರವಾನಗಿ ಇಲ್ಲ" ಎಂದು ಕೂಗಿ ಬಂದನಂತೆ. ಶಿದ್ರಾಮಪ್ಪ ಈಗ ನನ್ನೊಡನೆ ಮಾತು ಬಿಟ್ಟಿದ್ದಾನೆ. ನಾನು ನಿನ್ನೊಡನೆ ಬಿಟ್ಟೆ, ಅವನು ನನ್ನೊಡನೆ ಬಿಟ್ಟ.

ಬನಹಟ್ಟಿಯಿಂದ ಅತ್ತಿ ಬಂದಳು. ಜೊತೆಗೆ ಬಂದವರು ಅವಳ ನೆರೆಮನೆಯ ಇಬ್ಬರು ಮಾತ್ರ. ಉಳಿದವರು ಎಲ್ಲಿ ಎಂದು ಕೇಳಿದೆ. "ಕಂಡಿಕಿ ಸುತ್ತಾಕತ್ತಾರ" ಎಂದು ಕತ್ತರಿ ಎತ್ತಿಕೊಂಡು ಸಾಲಿಗೆ ಇಳಿದಳು. ಮೂರೇ ಮಂದಿ ಎಷ್ಟು ಮಾಡಿಯಾರು? ಯಂತ್ರ ಬಂದರೂ ಇವರ ಸಾಲು ಮುಗಿದಿರಲಿಲ್ಲ. ಯಂತ್ರ ನಡೆಸುವ ಹುಡುಗ ಪ್ರಥಮೇಶ ಮಿರಜದ ಕಡೆಯವನು. ಅವನು ಮೇಲೆ ಕೂತು ಕೂಗಿದ:

"ಮಾವಶೀ, ಲಗೂನ ಮುಗಸ್ರಿ. ನನ್ನ ಯಂತ್ರಕ್ಕ ತಡಾ ಆಗಾಕತ್ತೈತಿ!"

"ಯಾಕೋ, ನಿನ್ನ ಯಂತ್ರಕ್ಕ ಬಿಸಲು ಬಡೀತೈತೇನು? ಛತ್ರಿ ತರಸಲಿ?" ಎಂದಳು ಅತ್ತಿ.

"ಬಿಸಲು ನನಗ ಬಡೀತೈತ್ರಿ."

"ಹಂಗಾರ ಇಳದು ಬಾ. ಇದಕ್ಕ ಕೊಳತದ್ದು ವಾಸನಿ ಬರತೈತೇನು?"

"ಇಲ್ರಿ ಮಾವಶಿ."

"ಬೂಸು ಕಾಣತೈತೇನು?"

"ಇಲ್ರಿ."

"ಅಲ್ಲೋ ತಮ್ಮಾ, ಇದಕ್ಕ ಏನೂ ಕಾಣಂಗಿಲ್ಲ, ನೀ ಅಷ್ಟು ಎತ್ತರದಾಗ ಕುಂತು ಏನು ನೋಡಾಕತ್ತಿ? ಮಿರಜ ಕಾಣತೈತೇನು?"

ಹುಡುಗ ನಕ್ಕು ಎಂಜಿನ್ ಬಂದ್ ಮಾಡಿದ. ಅವರು ಮುಗಿಸುವವರೆಗೆ ಬೇವಿನ ಗಿಡದ ಕೆಳಗೆ ಕೂತ.

ಮೂರರ ರುಚಿ ಹೇಗಾಯಿತು ಎಂದು ಬರೆ. ಕಂಬ ಇನ್ನೂ ಕಿತ್ತಿಲ್ಲ.

ಮಲ್ಲಿನಾಥ

*

ಬೀಳಗಿ
14 ಜುಲೈ 2024

ಅಣ್ಣನಿಗೆ ನಮಸ್ಕಾರ.

ತಡವಾಯಿತು. ವೈನು ತಿಳಿಯಾಗುವುದಕ್ಕೆ ಅದರದೇ ಹೊತ್ತು ಬೇಕು, ಅವಸರ ಮಾಡಿದರೆ ಅದು ಸುಳ್ಳು ಹೇಳುತ್ತದೆ.

ನಿನ್ನೆ ಮೂರನ್ನೂ ರುಚಿ ನೋಡಿದೆವು. ಯಾವ ಗ್ಲಾಸಿನಲ್ಲಿ ಯಾವುದು ಎಂದು ಗೊತ್ತಾಗದ ಹಾಗೆ ಬೇರೆಯವರು ಸುರಿದು ಕೊಟ್ಟರು. ನಾನು, ಮ್ಯಾನೇಜರರು, ಪುಣೆಯಿಂದ ಬಂದ ಒಬ್ಬರು ಕೂತಿದ್ದೆವು. ಪರೀಕ್ಷೆಗೆ ಕೂತಿದ್ದು ನಾನಲ್ಲ, ನೀನು ಎಂದು ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಯಂತ್ರ ಒಂದೇ ಉದುರಿಸಿದ್ದು ಬಾಯಿಗೆ ಹಾಕಿದ ಕೂಡಲೇ ಗೊತ್ತಾಯಿತು. ತೊಟ್ಟಿನ ಕಹಿ, ಹಿಂದಿನಿಂದ ಹಳಸಿದ ವಾಸನೆ. ಕೈಯಿಂದ ಬಿಡಿಸಿದ್ದು ಎಲ್ಲಕ್ಕಿಂತ ಚಂದ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನಾಲಿಗೆಯ ಮೇಲೆ ನಿಂತು ಮಾತಾಡಿದ ಹಾಗೆ. ಆದರೆ ಮೂರನೆಯದು, ಹೆಂಗಸರು ಮುಂದೆ ಹೋಗಿ ಯಂತ್ರ ಹಿಂದೆ ಬಂದದ್ದು, ಅದರ ಬೆನ್ನಿಗೇ ಇತ್ತು. ಪುಣೆಯವರಿಗೆ ಎರಡರ ವ್ಯತ್ಯಾಸ ಹೇಳಲು ಆಗಲಿಲ್ಲ. ನನಗೆ ಆಯಿತು. ಮ್ಯಾನೇಜರರು ಎರಡನೆಯ ಸಲ ಗ್ಲಾಸು ಕೇಳಿದರು.

ಹೀಗಾಗಿ ಅವರು ಒಂದು ಮಾತು ಹೇಳಿದ್ದಾರೆ. ಬರುವ ಫೆಬ್ರುವರಿಗೆ ನಿನ್ನ ಬಿಳಿ ದ್ರಾಕ್ಷಿಯನ್ನು ತೆಗೆದುಕೊಳ್ಳುತ್ತಾರೆ, ಯಂತ್ರದಿಂದ ತೆಗೆದದ್ದಾದರೂ ಸರಿ. ಆದರೆ ಇಡೀ ತೋಟದಲ್ಲಿ ಹೆಂಗಸರು ಮೊದಲು ಹೋಗಿರಬೇಕು, ಗಾಡಿ ಎಲ್ಲಿಯೂ ನಿಲ್ಲಬಾರದು. ಬಿಳಿಯದು ಕೆಂಪಿನ ಹಾಗಲ್ಲ, ಸ್ವಲ್ಪ ಕೊಳೆತದ್ದು ಸೇರಿದರೂ ಅಡಗಿಸುವುದಿಲ್ಲ. ಈ ಸಲವೂ ಕೆಟ್ಟರೆ ಕರಾರು ಮುಗಿಯಿತು. ಅವರು ನನ್ನ ಮುಖ ನೋಡಿಯೇ ಹೇಳಿದರು.

ಈಗಿನಿಂದಲೇ ಅತ್ತಿಯ ಗುಂಪಿಗೆ ಹೇಳಿಡು. ಮೂವರಿಂದ ಇಡೀ ತೋಟ ಆಗುವುದಿಲ್ಲ.

ಪೂರ್ಣಿಮಾ

*

ಜಮಖಂಡಿ
4 ನವೆಂಬರ್ 2024

ತಂಗಿ ಪೂರ್ಣಿಮಾಳಿಗೆ ಆಶೀರ್ವಾದ.

ದೀಪಾವಳಿಗೆ ನೀನು ಬರಲಿಲ್ಲ. ಕರೆದಿರಲಿಲ್ಲ ಎನ್ನಬೇಡ, ಕರೆಯದೆಯೂ ಬರುತ್ತಿದ್ದೆ.

ಬಳ್ಳಿ ಸವರಿ ಆಯಿತು. ಚಿಗುರು ತಂತಿ ಹಿಡಿದಿವೆ, ಹೂಗೊಂಚಲೂ ಕಾಣುತ್ತಿವೆ. ಫಸಲು ಚಂದ ಬರುವ ಲಕ್ಷಣ ಇದೆ. ಆದರೆ ಹೆಂಗಸರು ಬರುವ ಲಕ್ಷಣ ಇಲ್ಲ.

ನೀನು ಮೊದಲ ಪತ್ರದಲ್ಲಿ ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಯಂತ್ರ ಬರುವ ದಿನ ಅತ್ತಿಯ ಗುಂಪು ಪ್ರತಿ ವರ್ಷದಂತೆ ಹೊರಟು ಬನಹಟ್ಟಿಯ ಬಸ್ ಸ್ಟ್ಯಾಂಡಿಗೆ ಬಂದಿತ್ತು. ನಾನು ಧರೆಪ್ಪನನ್ನು ಕಳಿಸಿದೆ. ಅವನು ಗಾಡಿಯಿಂದ ಇಳಿಯದೆ, "ಈ ಸಲ ಬ್ಯಾಡಂತ್ರಿ, ಯಂತ್ರ ಬಂದೈತಿ" ಎಂದು ಹೇಳಿ ತಿರುಗಿಸಿಕೊಂಡು ಬಂದ. ಅತ್ತಿಯೂ ಅವರಲ್ಲಿ ಕೂತಿದ್ದಳು. ಊರಿನ ಸಡಗರದಲ್ಲಿ ನನಗೆ ಅದು ಸಣ್ಣ ಮಾತಾಗಿ ಕಂಡಿತು.

ಈಗ ಬರುತ್ತೀರಾ ಎಂದು ಕೇಳಿ ಕಳಿಸಿದರೆ ಯಲ್ಲವ್ವ, ಅವರಲ್ಲಿ ಎಲ್ಲಕ್ಕಿಂತ ಚುರುಕಾಗಿ ಬಿಡಿಸುವವಳು, ಬಾಗಿಲು ಹಾಕಿಕೊಂಡಳಂತೆ. ಅವಳು ಬರದಿದ್ದರೆ ಬೇರೆಯವರೂ ಬರುವುದಿಲ್ಲ. ಅವರನ್ನು ಒಪ್ಪಿಸು ಎಂದು ಅತ್ತಿಯನ್ನೇ ಕೇಳಿಕೊಂಡೆ.

"ನಾ ನಿಮ್ಮ ಮನಿಯಾಕಿ. ಅವಮಾನ ಮಾಡಿದ್ರೂ ಬಂದೆ. ಅವರು ಯಾಕ ಬರ್ಬೇಕೋ ಮಲ್ಲೂ?" ಎಂದಳು.

ಏನು ಮಾಡಲಿ?

ಮಲ್ಲಿನಾಥ

*

ಬೀಳಗಿ
9 ನವೆಂಬರ್ 2024

ಅಣ್ಣಾ,

ಕೇಳಿ ಕಳಿಸಿದೆ ಎಂದು ಬರೆದಿದ್ದೀ. ಯಾರನ್ನು ಕಳಿಸಿದೆ? ಮತ್ತೆ ಧರೆಪ್ಪನನ್ನೇ ಅಲ್ಲವೇ? ಅವನು ಈ ಸಲವಾದರೂ ಗಾಡಿಯಿಂದ ಇಳಿದನೇ?

ನೀನೇ ಹೋಗು.

ಅತ್ತಿ ನನ್ನ ಮನೆಗೆ ಎಷ್ಟು ಸಲ ಬಂದು ಹೋದಳು. ಒಂದು ಸಲವೂ ಆ ಬಸ್ ಸ್ಟ್ಯಾಂಡಿನ ಮಾತು ಎತ್ತಲಿಲ್ಲ. ನಿನ್ನ ಪತ್ರ ಓದಿ ಅವಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡಿದಳು.

ಇಷ್ಟು ಮಾತ್ರ ತಿಳಿದಿರು. ಫೆಬ್ರುವರಿಯಲ್ಲಿ ಗೇಟಿನ ಹತ್ತಿರ ನಿಂತು ನೋಡುವವಳು ನಾನೇ. ಹಣ್ಣು ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಬರೆಯುತ್ತೇನೆ. ಬೇರೆ ಬರೆಯಲು ನನಗೆ ಬರುವುದಿಲ್ಲ.

ಪೂರ್ಣಿಮಾ

*

ಜಮಖಂಡಿ
16 ಫೆಬ್ರುವರಿ 2025

ತಂಗಿ ಪೂರ್ಣಿಮಾಳಿಗೆ ಅಣ್ಣನ ಆಶೀರ್ವಾದ.

ಇಷ್ಟು ದಿನ ಬರೆಯಲಿಲ್ಲ. ಹೋಗಲು ಧೈರ್ಯ ಆಗದೆ, ಹೋಗಿಲ್ಲ ಎಂದು ಬರೆಯಲು ನಾಚಿಕೆಯಾಗಿ ಸುಮ್ಮನಿದ್ದೆ. ಇವತ್ತು ಬನಹಟ್ಟಿಗೆ ಹೋಗಿ ಬಂದೆ. ಒಬ್ಬನೇ ಹೋದೆ.

ಯಲ್ಲವ್ವ ಬಾಗಿಲು ಹಾಕಲಿಲ್ಲ. ತಂಬಿಗೆ ತುಂಬ ನೀರು ಕೊಟ್ಟಳು. ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ನಿಂತರು. ನಾನು ನೀರು ಕುಡಿಯುತ್ತಲೇ ಇದ್ದೆ. ಕೊನೆಗೆ ಅವಳೇ ಕೇಳಿದಳು.

"ಏನ್ರಿ ಸಾವಕಾರ್ರ, ಯಂತ್ರಕ್ಕ ಜ್ವರಾ ಬಂದಾವೇನು?"

ಎಲ್ಲರೂ ನಕ್ಕರು. "ಇಲ್ಲವ್ವಾ, ಯಂತ್ರಾನೂ ಇರತೈತಿ. ನೀವು ಅದರ ಮುಂದ ಹೋಗಬೇಕು" ಎಂದೆ.

"ಮುಂದ ಹೋಗಿ ಏನು ಮಾಡೂದ್ರಿ? ಹಾದಿಗೆ ನೀರು ಚಿಮಕಸೂದೇನು ಅದಕ್ಕ?"

"ಕೆಟ್ಟ ಗೊಂಚಲಾ ನೋಡಿ, ಕತ್ತರಿಸಿ, ನೆಲಕ್ಕ ಕೆಡವಬೇಕು. ಮರುದಿನಾ ಯಂತ್ರ ಬಂದು ಉಳದದ್ದು ತಗೊಂತೈತಿ."

ಯಲ್ಲವ್ವನ ನಗು ನಿಂತಿತು.

"ಅಂದ್ರ ಛಲೋ ಹಣ್ಣು ಯಂತ್ರಕ್ಕ, ಕೊಳತದ್ದು ನಮಗ."

ಪೂರ್ಣಿಮಾ, ಅವಳು ಅಂದದ್ದು ನಿಜ. ಹೋದ ವರ್ಷ ಮಾಡಿದ್ದು ತಪ್ಪಾಯಿತು ಎಂದೆ. ಅದನ್ನು ಅಷ್ಟು ಜನರ ಮುಂದೆ ಹೇಳಿದೆ. "ನೋಡೂಣು" ಎಂದಳು, ತಂಬಿಗೆ ಇಸಿದುಕೊಂಡು ಒಳಗೆ ಹೋದಳು.

ಇಬ್ಬನಿಯಿಂದ ಈ ವರ್ಷ ಅಲ್ಲಲ್ಲಿ ಗೊಂಚಲಿನ ಒಳಗೆ ಬೂಸು ಹಿಡಿದಿದೆ. ಹೊರಗಿನಿಂದ ಕಾಣುವುದಿಲ್ಲ, ಕೈಯಲ್ಲಿ ಹಿಡಿದು ತಿರುಗಿಸಬೇಕು. ಮಂಗಳವಾರ ಬೆಳಿಗ್ಗೆ ಯಂತ್ರ ಬರುತ್ತದೆ. ಬುಧವಾರ ನಸುಕಿನಲ್ಲಿ ತೆಗೆಯಲೇಬೇಕು, ಹಣ್ಣು ಇನ್ನು ಕಾಯುವುದಿಲ್ಲ.

ತಂಗಿಯಾಗಿ ನೋಡು ಎಂದು ಹೋದ ವರ್ಷ ಬರೆದಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹೆಂಗಸರು ಬರದಿದ್ದರೆ ನನ್ನ ಹಣ್ಣು ಹೇಗಿರುತ್ತದೆ ಎಂದು ನನಗೇ ಗೊತ್ತು. ನೀನು ಭಟ್ಟಿಗೆ ಎಂದೇ ಬರೆ, ಸಂಕಟ ಮಾಡಿಕೊಳ್ಳಬೇಡ. ನಾನು ಕಂಬ ಕೀಳಿಸುತ್ತೇನೆ. ಕಬ್ಬು ಹಚ್ಚಿದ ಮೇಲೂ ನೀನು ಮನೆಗೆ ಬರಬೇಕು.

ಅತ್ತಿ ನಿನ್ನ ಪತ್ರಗಳನ್ನೆಲ್ಲ ಕೇಳಿದಳು, ಕೊಟ್ಟಿದ್ದೇನೆ. ನನ್ನವನ್ನು ನಿನ್ನ ಹತ್ತಿರ ಮೊದಲೇ ಇಸಿದುಕೊಂಡಿದ್ದಾಳಂತೆ. ಯಾಕೆಂದು ಹೇಳಲಿಲ್ಲ.

ನಿನ್ನ ಅಣ್ಣ,
ಮಲ್ಲಿನಾಥ

*

ಈ ಕೊನೆಯ ಪತ್ರ ಇನ್ನೂ ಬೀಳಗಿಗೆ ಹೋಗಿರಲಿಲ್ಲ. ಮಾಯವ್ವ ಅದನ್ನು ಮಡಚಿ ಚೀಲಕ್ಕೆ ಹಾಕಿದಳು. ಕಟ್ಟೆಯ ಮೇಲಿದ್ದ ಯಲ್ಲವ್ವ, "ನಾ ಅಂದದ್ದು ಒಂದಕ್ಷರ ಬಿಡದ ಬರದಾನ ನೋಡ" ಎಂದಳು.

"ಹೂಂ. ಬಿಟ್ಟಿದ್ರ ನಾ ಓದ್ತಿದ್ದಿಲ್ಲ" ಎಂದಳು ಮಾಯವ್ವ.

"ಪಾಪ, ಆ ಹುಡಿಗಿ. ಅಣ್ಣನ ಹಣ್ಣಿಗೆ ತಾನ ಕೆಟ್ಟೈತಿ ಅಂತ ಬರಿಯೂದಂದ್ರ" ಎಂದಳು ಇನ್ನೊಬ್ಬಳು. ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಒಟ್ಟಿಗೆ ಸದ್ದು ಮಾಡಿದವು, ಹೆಂಗಸರು ಸೀರೆ ಝಾಡಿಸಿಕೊಂಡು ಎದ್ದು ಹೋದರು. ಬರುತ್ತೇವೆ ಎಂದು ಒಬ್ಬರೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಮಲ್ಲಿನಾಥನ ತೋಟದ ದಂಡೆಯಲ್ಲಿ ಯಂತ್ರ ಆಗಲೇ ಗುರುಗುಡುತ್ತಿತ್ತು. ಮೋಡ ಕವಿದು ತಂಪಾಗಿದ್ದುದರಿಂದ ಪ್ರಥಮೇಶನಿಗೆ ಅವಸರ. "ಇವತ್ತ ಶುರು ಮಾಡ್ತೇನ್ರಿ. ಅಥಣಿ ಕಡೆ ಒಬ್ರು ಕಾಯಾಕತ್ತಾರ" ಎನ್ನುತ್ತಿದ್ದ. ಮಲ್ಲಿನಾಥ ರಸ್ತೆಯ ಕಡೆ ನೋಡುತ್ತ ನಿಂತಿದ್ದ.

ಮೊದಲ ಬಸ್ಸು ತೋಟದ ತಿರುವಿನಲ್ಲಿ ನಿಂತಿತು. ಮೊದಲು ಮಾಯವ್ವ ಇಳಿದಳು. ಅವಳ ಹಿಂದೆ ಯಲ್ಲವ್ವ, ಅವಳ ಹಿಂದೆ ಓಣಿಗೆ ಓಣಿಯೇ ಇಳಿಯಿತು. ಕಂಡಕ್ಟರು ಬಾಗಿಲು ಹಿಡಿದು "ಇನ್ನೂ ಎಷ್ಟು ಮಂದಿ ಅದೀರ್‍ಯವ್ವಾ" ಎಂದು ಕೇಳುತ್ತಲೇ ಇದ್ದ.

ಯಲ್ಲವ್ವ ಮಲ್ಲಿನಾಥನನ್ನು ದಾಟಿ ನೇರವಾಗಿ ಯಂತ್ರದ ಹತ್ತಿರ ಹೋಗಿ ತಲೆ ಎತ್ತಿದಳು.

"ತಮ್ಮಾ, ಬಂದ್ ಮಾಡು ಇದನ್ನ. ಚಾವಿ ತಾ ಇಲ್ಲೆ."

"ಚಾವಿ ಯಾಕ್ರಿ?"

"ನಾವು ಆತು ಅನ್ನೂತನಾ ಇದು ಚಾಲೂ ಆಗಬಾರದು, ಅದಕ್ಕ."

ಪ್ರಥಮೇಶ ಮಲ್ಲಿನಾಥನ ಮುಖ ನೋಡಿದ. ಹೆಂಗಸರೆಲ್ಲರೂ ಅವನ ಮುಖವನ್ನೇ ನೋಡಿದರು.

"ಕೊಡೋ" ಎಂದ ಮಲ್ಲಿನಾಥ.

ಎಂಜಿನ್ ನಿಂತಿತು. ಯಲ್ಲವ್ವ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿ, ಮೊದಲ ಸಾಲಿಗೆ ಇಳಿದಳು. ಉಳಿದವರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದರು.